ಹನ್ನೆರಡು ಜನರ ಕೂಟ: ಶಿಷ್ಯತ್ವ ಮತ್ತು ಸಭೆಯ ಆರೋಗ್ಯ



ಸಭೆಯ ಆರೋಗ್ಯದ ಬಗ್ಗೆ ಮಾತಾಡಬೇಕೆಂದು ನೀವು ಕೇಳಿದಿರಿ. ನಾನು ಒಂದು ಕಟ್ಟಡದ ಸಾಲದಿಂದ ಶುರುಮಾಡುತ್ತೇನೆ. 1742ರ ಫೆಬ್ರವರಿ 15ರಂದು ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಮೆಥಡಿಸ್ಟ್ ಚಳವಳಿಯ ಮುಂದಾಳು ಜಾನ್ ವೆಸ್ಲಿಯವರ ಜೊತೆಗಾರರು ಸೇರಿದ್ದರು. 1739ರಲ್ಲಿ ಕೈಹಾಕಿದ ‘ನ್ಯೂ ರೂಮ್’ ಎಂಬ ಕೂಟದ ಮನೆಯ ಸಾಲ ಇನ್ನೂ ಹಾಗೇ ಉಳಿದಿತ್ತು. ಕ್ಯಾಪ್ಟನ್ ಫಾಯ್ ಎಂಬವರು ಎದ್ದು, ಸಾಲ ತೀರುವವರೆಗೆ ಒಬ್ಬೊಬ್ಬರೂ ವಾರಕ್ಕೊಂದು ಪೆನ್ನಿ ಕೊಡೋಣ ಎಂದರು. ಎಷ್ಟೋ ಜನಕ್ಕೆ ಅಷ್ಟೂ ಗತಿಯಿಲ್ಲವಲ್ಲ ಎಂದು ಇನ್ನೊಬ್ಬರು ಹೇಳಿದರು. ಹಾಗಾದರೆ ಕಡುಬಡವರಾದ ಹನ್ನೊಂದು ಮಂದಿಯನ್ನು ನನ್ನ ಪಾಲಿಗೆ ಬಿಡಿ, ಅವರು ಕೊಟ್ಟರೆ ಸರಿ, ಕೊಡಲಾಗದಿದ್ದರೆ ಅವರ ಪೆನ್ನಿಯನ್ನೂ ನಾನೇ ಹಾಕುತ್ತೇನೆ, ನೀವೂ ತಲಾ ಹನ್ನೊಂದು ಜನರ ಮನೆಗೆ ವಾರವಾರ ಹೋಗಿ ಬನ್ನಿ ಎಂದು ಫಾಯ್ ಉತ್ತರ ಕೊಟ್ಟರು.

ಹೀಗೆ ದುಡ್ಡಿಗಾಗಿ ಮನೆಮನೆಗೆ ಹೋದವರ ಕಣ್ಣಿಗೆ ಬೇರೆಯೇ ಸಂಗತಿಗಳು ಬಿದ್ದವು. ಒಬ್ಬ ಮನೆಯಲ್ಲಿ ಹೆಂಡತಿಯ ಜೊತೆ ಜಗಳಕ್ಕೆ ನಿಂತಿದ್ದ. ಮತ್ತೊಬ್ಬ ಕುಡಿದು ಬಿದ್ದಿದ್ದ. ನೋಡಿ ಬಂದವರು ಇದನ್ನು ವೆಸ್ಲಿಗೆ ಹೇಳಿದರು. ಬಹುದಿನದಿಂದ ಹುಡುಕುತ್ತಿದ್ದ ದಾರಿ ಇದೇ ಎಂದು ವೆಸ್ಲಿಗೆ ಹೊಳೆಯಿತು. ಮನೆಮನೆ ಸುತ್ತುವ ಬದಲು ಹನ್ನೆರಡು ಮಂದಿ ವಾರಕ್ಕೊಮ್ಮೆ ಒಂದೆಡೆ ಕೂಡುವ ಕ್ರಮ ಬೇಗನೆ ಬಂತು. ಇದೇ ಮೆಥಡಿಸ್ಟರ ‘ಕ್ಲಾಸ್’. ಹೆಸರು ಕೇಳಿದರೆ ಪಾಠಶಾಲೆ ಅನ್ನಿಸಬಹುದು. ಅಲ್ಲಿ ಪಾಠ ಹೇಳುವವರಿರಲಿಲ್ಲ. ಹಾಡು, ಪ್ರಾರ್ಥನೆ ಆದ ಮೇಲೆ ಈ ವಾರ ನಿನ್ನ ಆತ್ಮದ ಸ್ಥಿತಿ ಹೇಗಿದೆ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಕೇಳುವ ನಾಯಕ ಮೊದಲು ತನ್ನದನ್ನು ಹೇಳಬೇಕಿತ್ತು.

ವೆಸ್ಲಿಗೆ ಜನ ಸೇರಿಸುವುದು ಕಷ್ಟವಾಗಿರಲಿಲ್ಲ. 1739ರಲ್ಲಿ ಪ್ರಸಂಗಿ ಜಾರ್ಜ್ ವಿಟ್‌ಫೀಲ್ಡ್ ಅವರ ಕರೆಗೆ ಓಗೊಟ್ಟು ಬ್ರಿಸ್ಟಲ್‌ಗೆ ಬಂದು ಬಯಲಲ್ಲಿ ಪ್ರಸಂಗ ಮಾಡಲು ನಿಂತಾಗ ಸಾವಿರಾರು ಮಂದಿ ಬಂದಿದ್ದರು. ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯವರೂ ಅವರಲ್ಲಿದ್ದರು. ಆದರೆ ಮನಸ್ಸು ಕರಗುವುದು ಬೇರೆ, ಆ ಮನಸ್ಸಿನಿಂದ ನಾಳೆ ಬದುಕುವುದು ಬೇರೆ. 1763ರಲ್ಲಿ ವೇಲ್ಸ್‌ನ ಪೆಂಬ್ರೋಕ್‌ಷೈರ್ ಸೀಮೆಯನ್ನು ನೋಡಿ ಬಂದು ಅವರು ದಿನಚರಿಯಲ್ಲಿ ಬರೆದದ್ದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಲಿ ಇಪ್ಪತ್ತು ವರ್ಷ ಪ್ರಸಂಗ ನಡೆದಿತ್ತು. ಆದರೆ ಜನರನ್ನು ಕೂಡಿಸಿ ಬೆಳೆಸುವ ಸಂಘವಾಗಲಿ, ಶಿಸ್ತಾಗಲಿ ಇರಲಿಲ್ಲ. ಎಚ್ಚೆತ್ತ ಹತ್ತು ಜನರಲ್ಲಿ ಒಂಬತ್ತು ಮಂದಿ ಮತ್ತೆ ನಿದ್ದೆಗೆ ಜಾರಿದ್ದಾರೆ ಎಂದು ಅವರು ಕಂಡುಕೊಂಡರು. ಬೆಳೆಸುವ ವ್ಯವಸ್ಥೆ ಇಲ್ಲದ ಕಡೆ ಪ್ರಸಂಗದ ಒಂದು ಏಟನ್ನೂ ಹಾಕುವುದಿಲ್ಲ ಎಂದು ಅವರು 1743ರಲ್ಲೇ ಗಟ್ಟಿಯಾಗಿ ನಿರ್ಧರಿಸಿದ್ದರು. ನಮ್ಮ ಮೂರು ದಿನದ ಉಜ್ಜೀವನ ಕೂಟಗಳ ಪೆಂಡಾಲು ಬಿಚ್ಚುವ ಮೊದಲು ಆ ಪುಟವನ್ನು ನಾವು ಓದಬೇಕು.

ಕ್ಲಾಸಿಗೆ ಸೇರಲು ಇದ್ದ ಷರತ್ತು ಒಂದೇ. ಬರಲಿರುವ ದೇವರ ಕೋಪದಿಂದ ಪಾರಾಗಬೇಕು, ಪಾಪದಿಂದ ಬಿಡುಗಡೆ ಬೇಕು ಎಂಬ ಹಂಬಲವಿದ್ದರೆ ಸಾಕಿತ್ತು. ವಿದ್ಯೆ, ಅಂತಸ್ತು, ಬೈಬಲ್ ಜ್ಞಾನ ಯಾವುದನ್ನೂ ಅಳೆಯುತ್ತಿರಲಿಲ್ಲ. ಆದರೆ ಒಳಗೆ ಬಂದ ಮೇಲೆ ಹಂಬಲ ನಿಜವೇ ಎಂದು ಬದುಕು ತೋರಿಸಬೇಕಿತ್ತು. 1743ರಲ್ಲಿ ಹೊರಬಂದ ‘ಸಾಮಾನ್ಯ ನಿಯಮ’ಗಳು ಮೂರು ಮಾತಿನವು: ಕೇಡು ಮಾಡಬೇಡ, ಒಳ್ಳೆಯದನ್ನು ಮಾಡು, ಆರಾಧನೆ, ವಾಕ್ಯ, ಕರ್ತನ ಭೋಜನ, ಪ್ರಾರ್ಥನೆ, ಉಪವಾಸಗಳನ್ನು ಬಿಡಬೇಡ. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರನ್ನೂ ವಿಚಾರಿಸಿ ಚೀಟಿ ಕೊಡುತ್ತಿದ್ದರು. ಚೀಟಿ ಸಿಗದವರು ಸಂಘದಿಂದ ಹೊರಗುಳಿದಂತೆ.

ಅದೇ ವರ್ಷದ ಮಾರ್ಚಿನಲ್ಲಿ ನ್ಯೂಕಾಸಲ್ ಸಂಘದಿಂದ 64 ಮಂದಿಯನ್ನು ತೆಗೆದ ಲೆಕ್ಕವನ್ನು ವೆಸ್ಲಿ ಬರೆದಿಟ್ಟಿದ್ದಾರೆ. ಕುಡಿತಕ್ಕೆ 17, ಸಾರಾಯಿ ಮಾರಿದ್ದಕ್ಕೆ 2, ಜಗಳಕ್ಕೆ 3, ಸುಳ್ಳಿನ ಚಾಳಿಗೆ 3, ಹೆಂಡತಿಗೆ ಹೊಡೆದದ್ದಕ್ಕೆ 1. ಎಲ್ಲಕ್ಕಿಂತ ದೊಡ್ಡ ಸಂಖ್ಯೆ 29. ಅವರ ತಪ್ಪು ಬರೀ ಹಗುರತನ, ಅಲಕ್ಷ್ಯ. ಅದಕ್ಕೂ ಮೊದಲು 76 ಮಂದಿ ತಾವಾಗಿಯೇ ಬಿಟ್ಟುಹೋಗಿದ್ದರು. ಜನ ನಗುತ್ತಾರೆಂದು 9 ಮಂದಿ, ಪುರುಸೊತ್ತಿಲ್ಲವೆಂದು 3 ಮಂದಿ. ಇಷ್ಟು ಕಟ್ಟುನಿಟ್ಟು ಬೇಕಿತ್ತೇ ಎಂದು ನೀವು ಕೇಳಬಹುದು. ಹೊಡೆದ ಆ ಒಬ್ಬನ ಹೆಂಡತಿಯ ಕಡೆಯಿಂದ ಯೋಚಿಸಿ. ಮನೆಯಲ್ಲಿ ಹೊಡೆಸಿಕೊಂಡು, ಭಾನುವಾರ ಅದೇ ಗಂಡ ಕಾಣಿಕೆ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಬರುವುದನ್ನು ನೋಡುವ ಹೆಂಗಸರು ನಮ್ಮ ಸಭೆಗಳಲ್ಲಿಲ್ಲವೇ? ಅವಳ ಪಾಲಿಗೆ ಸಭೆಯ ಮೌನವೇ ಇನ್ನೊಂದು ಏಟು. ಶಿಸ್ತು ಪ್ರೀತಿಗೆ ವಿರೋಧ ಎಂದು ನಂಬಿರುವವರು ಏಟು ತಿನ್ನುವವರ ಜಾಗದಲ್ಲಿ ನಿಂತು ನೋಡಿಲ್ಲ.

ಹಾಗೆಂದು ಇದರಲ್ಲಿ ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ಕೇಳುವ ಅಧಿಕಾರ ಸಿಕ್ಕವನು ಕಾವಲುಗಾರನಾಗಬಹುದು. ಕೂಟದಲ್ಲಿ ಹೇಳಿದ್ದು ಸಂಜೆಯೊಳಗೆ ಬೀದಿಗೆ ಬರಬಹುದು. ನಮ್ಮಲ್ಲಂತೂ ಒಂದೇ ಸಭೆಯ ಹನ್ನೆರಡು ಮಂದಿಯಲ್ಲಿ ನಾಲ್ವರು ಬೀಗರು, ಇಬ್ಬರು ಆಸ್ತಿ ವ್ಯಾಜ್ಯದವರು. ಅವರ ಎದುರು ಬಾಯಿ ಬಿಡುವುದು ಸುಲಭವೇ? ಮೆಥಡಿಸ್ಟರಿಗೂ ಇದು ಗೊತ್ತಿತ್ತು. ಕ್ಲಾಸಿಗಿಂತ ಚಿಕ್ಕದಾದ ‘ಬ್ಯಾಂಡ್’ ಎಂಬ ಗುಂಪುಗಳು ಮೊದಲಿನಿಂದ ಇದ್ದವು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ಮದುವೆಯಾದವರಿಗೆ, ಆಗದವರಿಗೆ ಬೇರೆ. ಆಳವಾದ ಪಾಪನಿವೇದನೆ ಅಲ್ಲಿ. ಸತ್ಯವೇದದಲ್ಲಿ ಇಂಥ ಕೂಟ ಎಲ್ಲಿದೆ ಎಂದು ಆಕ್ಷೇಪಿಸಿದವರಿಗೆ, ಇದು ವಿವೇಕದಿಂದ ಕಂಡುಕೊಂಡ ಉಪಾಯ, ಇನ್ನೂ ಒಳ್ಳೆಯದು ಸಿಕ್ಕರೆ ಬದಲಿಸುತ್ತೇವೆ ಎಂದು ವೆಸ್ಲಿ ಉತ್ತರಿಸಿದರು. ಈ ವಿನಯ ನನಗೆ ಬಹಳ ಇಷ್ಟ.

ನಾಯಕರು ಯಾರು ಎಂಬುದನ್ನೂ ಗಮನಿಸಬೇಕು. ಅವರು ಪಾದ್ರಿಗಳಲ್ಲ, ದುಡಿದು ತಿನ್ನುವ ಜನ. ಅವರಲ್ಲಿ ಹೆಂಗಸರೂ ಇದ್ದರು. 1761ರ ಫೆಬ್ರವರಿಯಲ್ಲಿ ಡರ್ಬಿ ಪಟ್ಟಣದಲ್ಲಿ ಸಾರಾ ಕ್ರಾಸ್ಬಿ ತನ್ನ ಕ್ಲಾಸಿಗೆ ಸುಮಾರು ಮೂವತ್ತು ಮಂದಿಯನ್ನು ಎದುರುನೋಡಿದಾಗ ಇನ್ನೂರರಷ್ಟು ಜನ ಬಂದರು. ಒಬ್ಬೊಬ್ಬರನ್ನೂ ಮಾತಾಡಿಸುವುದು ಸಾಧ್ಯವಿರಲಿಲ್ಲ. ಹಾಡಿ, ಪ್ರಾರ್ಥಿಸಿ, ಕರ್ತನು ತನಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳಿದರು. ತಾನು ಮಿತಿ ಮೀರಿದೆನೋ ಎಂದು ಅಳುಕಿ ವೆಸ್ಲಿಗೆ ಬರೆದರು, ಅವರು ತಡೆಯಲಿಲ್ಲ. ಹೆಣ್ಣಿನ ಸೇವೆಗೆ ಮೆಥಡಿಸ್ಟರಲ್ಲಿ ಬಾಗಿಲು ತೆರೆದದ್ದು ಹೀಗೆ, ಒಂದು ಸಣ್ಣ ಕೂಟದ ಜವಾಬ್ದಾರಿಯಿಂದ.

ವೆಸ್ಲಿ 1791ರಲ್ಲಿ ತೀರಿಕೊಂಡಾಗ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಸದಸ್ಯರು 70,000ಕ್ಕೂ ಹೆಚ್ಚು. ಆ ಪರಂಪರೆಯ ಮಿಷನರಿಗಳು 1821ರಲ್ಲಿ ಬೆಂಗಳೂರಿಗೆ ಬಂದರು, ಮುಂದೆ ಮೈಸೂರು ಸೀಮೆಯ ಕನ್ನಡಿಗರ ನಡುವೆ ಶಾಲೆ, ಆಸ್ಪತ್ರೆ, ಮುದ್ರಣಾಲಯ ಕಟ್ಟಿದರು. 1947ರ ಸೆಪ್ಟೆಂಬರ್ 27ರಂದು ಆ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಕಟ್ಟಡಗಳೂ ಸಂಸ್ಥೆಗಳೂ ನಮಗೆ ಉಳಿದವು. ವಾರವಾರ ಒಬ್ಬರನ್ನೊಬ್ಬರು ಕೇಳುವ ರೂಢಿ ಕೈತಪ್ಪಿತು. ಅದು ಇಲ್ಲಿ ಮಾತ್ರ ಆದದ್ದಲ್ಲ. 19ನೇ ಶತಮಾನದಲ್ಲೇ ಅದರ ತೌರಿನಲ್ಲೂ ಕ್ಲಾಸ್ ಸೊರಗತೊಡಗಿತ್ತು. ಸದಸ್ಯತ್ವ ಉಳಿಸಿಕೊಳ್ಳಲು ಬಂದು, ಕಲಿತ ಮಾತನ್ನೇ ಹೇಳಿ ಎದ್ದುಹೋಗುವುದು ಅಭ್ಯಾಸವಾಯಿತು.

ಈಗ ನಮ್ಮ ಮಾತು. ಇನ್ನೂರು ಮನೆಗಳಿರುವ ಸಭೆಯಲ್ಲಿ ಒಬ್ಬ ಸಭಾಪಾಲಕರು ವಾರಕ್ಕೆ ಎಷ್ಟು ಮನೆ ನೋಡಬಲ್ಲರು? ಕಾಯಿಲೆ, ಸಾವು, ಮದುವೆ, ಕಮಿಟಿ, ಕೋರ್ಟು ಇವುಗಳಲ್ಲೇ ಅವರ ವಾರ ಮುಗಿಯುತ್ತದೆ. ದೃಢೀಕರಣದ ತರಗತಿ ಮುಗಿಸಿದ ಹುಡುಗ ಹುಡುಗಿಯರನ್ನು ಮರುವಾರ ಯಾರೂ ಕೇಳುವುದಿಲ್ಲ. ಅವರು ಮತ್ತೆ ನಮ್ಮ ಕಣ್ಣಿಗೆ ಬೀಳುವುದು ಮದುವೆಯ ಪ್ರಕಟಣೆಯಲ್ಲಿ. ಮನೆಕೂಟಗಳು ನಮ್ಮಲ್ಲಿವೆ, ನಿಜ. ಅಲ್ಲಿ ಹಾಡುತ್ತೇವೆ, ಚಿಕ್ಕ ಪ್ರಸಂಗ ಕೇಳುತ್ತೇವೆ, ಕಾಫಿ ಕುಡಿದು ಬರುತ್ತೇವೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ನನ್ನ ಬೇಡಿಕೆ ಇಷ್ಟು. ಇರುವ ಮನೆಕೂಟಗಳನ್ನೇ ಹನ್ನೆರಡರ ಗುಂಪು ಮಾಡಿ. ಚುನಾವಣೆಯಲ್ಲಿ ಗೆದ್ದವರನ್ನಲ್ಲ, ತಮ್ಮ ಸೋಲನ್ನು ಮೊದಲು ಹೇಳಬಲ್ಲವರನ್ನು ನಾಯಕರನ್ನಾಗಿ ಆರಿಸಿ. ಅವರಲ್ಲಿ ಅರ್ಧದಷ್ಟಾದರೂ ಹೆಂಗಸರಿರಲಿ. ಕೂಟದ ಮಾತು ಹೊರಗೆ ಹೋದರೆ ಆ ನಾಯಕರನ್ನು ಅಂದೇ ಬದಲಿಸಿ. ಆದರೆ ಏಟು ತಿನ್ನುವವರ ಅಥವಾ ಮಗುವಿನ ವಿಷಯವಾದರೆ ಗುಟ್ಟೆಂಬ ನೆಪ ಬೇಡ, ಅವರ ರಕ್ಷಣೆ ಮೊದಲು. ವೆಸ್ಲಿಯ ಕಾಲದಲ್ಲಿ ನಾಯಕರು ವಾರಕ್ಕೊಮ್ಮೆ ಪಾದ್ರಿಯನ್ನು ಕಂಡು ಯಾರು ಕಾಯಿಲೆ ಬಿದ್ದಿದ್ದಾರೆ, ಯಾರು ದಾರಿ ತಪ್ಪಿದ್ದಾರೆ ಎಂದು ತಿಳಿಸಿ, ಬಡವರಿಗಾಗಿ ಕೂಡಿದ ಹಣ ಒಪ್ಪಿಸಬೇಕಿತ್ತು. ನಮ್ಮ ಸಭಾಪಾಲಕರೂ ವಾರದ ಒಂದು ಸಂಜೆಯನ್ನು ಈ ನಾಯಕರಿಗೆ ಮೀಸಲಿಡಲಿ. ಅಂದು ಕಟ್ಟಡದ ಮಾತು ಬೇಡ, ಆಸ್ತಿಯ ಮಾತು ಬೇಡ. ಒಂದೊಂದು ಹೆಸರನ್ನೂ ಎತ್ತಿ ವಿಚಾರಿಸಿ, ಆ ಹೆಸರಿಗಾಗಿ ಪ್ರಾರ್ಥಿಸಿ ಏಳಲಿ.