ಫೀಸಿನ ಭಯ ಹೋದ ಮೇಲೆ ಬಂದ ರೋಗಿಗಳು

ನಾನು ದಾವಣಗೆರೆ ಕಡೆಯವನು. ಎಂಬಿಬಿಎಸ್ ಮುಗಿಸಿ ಎಪ್ಪತ್ತರ ದಶಕದಲ್ಲಿ ಬ್ರಿಟನ್ನಿಗೆ ಹೋದೆ. ವೇಲ್ಸ್‌ನ ಕಲ್ಲಿದ್ದಲು ಗಣಿಯ ಊರೊಂದರಲ್ಲಿ ಮೂವತ್ತು ವರ್ಷ ಜಿ.ಪಿ., ಅಂದ್ರೆ ಫ್ಯಾಮಿಲಿ ಡಾಕ್ಟರ್ ಆಗಿದ್ದೆ.

ಇಂಗ್ಲೆಂಡಿನಿಂದ ಮದುವೆಯಾಗಿ ಬಂದಿದ್ದ ಅಜ್ಜಿಯೊಬ್ಬರು ಒಮ್ಮೆ ತಮ್ಮ ತಾಯಿಯ ವಿಷಯ ಹೇಳಿದ್ರು. ಹೆರಿಗೆಯ ನಂತರ ಆಕೆಯ ಗರ್ಭಕೋಶ ಜಾರಿತ್ತು. ವರ್ಷಗಟ್ಟಲೆ ಬಟ್ಟೆ ಬಿಗಿದುಕೊಂಡೇ ಮನೆಗೆಲಸ ಮಾಡಿದ್ರಂತೆ. ಡಾಕ್ಟರ್ ಹತ್ರ ಯಾಕೆ ಹೋಗಲಿಲ್ಲ? ಫೀಸು. 1911ರ ವಿಮಾ ಕಾಯ್ದೆಯಲ್ಲಿ ದುಡಿಯುವ ಗಂಡನಿಗೆ ಡಾಕ್ಟರ್ ಇದ್ದ. ಹೆಂಡತಿ, ಮಕ್ಕಳಿಗೆ ಇರಲಿಲ್ಲ.

ವೇಲ್ಸ್‌ನ ಟ್ರೆಡಿಗರ್ ಊರಲ್ಲಿ ಕಾರ್ಮಿಕರು ಕೂಲಿಯಿಂದ ಒಂದಿಷ್ಟು ಕಾಸು ಹಾಕಿ ಇಡೀ ಕುಟುಂಬಕ್ಕೆ ಚಿಕಿತ್ಸೆ ಸಿಗುವ ಸಂಘ ಕಟ್ಟಿಕೊಂಡಿದ್ರು. ಅದೇ ಊರಿನವರು ಅನ್ಯೂರಿನ್ ಬೆವನ್. ಹುಡುಗನಾಗಿದ್ದಾಗಲೇ ಗಣಿಗೆ ಇಳಿದವರು, ಮುಂದೆ ಆರೋಗ್ಯ ಸಚಿವರಾದರು. 1948ರ ಜುಲೈ 5ರಂದು ಅವರ ಎನ್‌ಎಚ್‌ಎಸ್ ಶುರುವಾಯಿತು. ಖರ್ಚು ಬಹುತೇಕ ತೆರಿಗೆಯಿಂದ. ರೋಗಿ ಕೈಯಿಂದ ಫೀಸು ಇಲ್ಲ.

ಆಗ ಬಂದವರು ಯಾರು ಗೊತ್ತಾ? ಹೊಸ ರೋಗಿಗಳಲ್ಲ, ಹಳೇ ನೋವು ಹೊತ್ತ ಹೆಂಗಸರು! ಅಜ್ಜಿಯ ತಾಯಿಗೂ ಆಪರೇಷನ್ ಆಯ್ತು. ಕನ್ನಡಕ, ಹಲ್ಲಿನ ಸೆಟ್ಟಿಗೆ ಬಂದ ಜನರನ್ನು ನೋಡಿ ಸರ್ಕಾರವೇ ಬೆಚ್ಚಿತು. 1951ರಲ್ಲಿ ಅವಕ್ಕೆ ಶುಲ್ಕ ಹಾಕಲು ಹೊರಟಾಗ ಬೆವನ್ ರಾಜೀನಾಮೆ ಕೊಟ್ಟರು.

ಅಜ್ಜಿ ಮಾತಾಡ್ತಿದ್ದಾಗ ನನಗೆ ನಮ್ಮ ದೊಡ್ಡಮ್ಮ ನೆನಪಾದರು. ಎದೆಯಲ್ಲಿ ಗಂಟು ಇದ್ದದ್ದನ್ನ ಯಾರಿಗೂ ಹೇಳಿರಲಿಲ್ಲ. 'ಸುಮ್ನೆ ದುಡ್ಡು ದಂಡ ಯಾಕೋ, ನಿನ್ನ ಓದಿಗೆ ಬೇಕಲ್ಲ' ಅಂದಿದ್ರು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆ ದುಡ್ಡಲ್ಲೇ ನಾನು ಡಾಕ್ಟರ್ ಆದದ್ದು.

ಎನ್‌ಎಚ್‌ಎಸ್ ಸ್ವರ್ಗ ಅಂತ ನಾನು ಹೇಳಲ್ಲ. ಇವತ್ತು ಅಲ್ಲಿ ಮಂಡಿ ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾಯಬೇಕು. ಕಾಯುತ್ತಾ ಇರುವವರ ನೋವೂ ನೋವೇ. ಆದರೆ ಮೂವತ್ತು ವರ್ಷದಲ್ಲಿ ಒಬ್ಬ ರೋಗಿಯೂ ನನ್ನ ಕೋಣೆಯಲ್ಲಿ 'ಎಷ್ಟಾಗುತ್ತೆ ಡಾಕ್ಟ್ರೇ?' ಅಂತ ಕೇಳಲಿಲ್ಲ. ಗಂಟು ಚಿಕ್ಕದಿದ್ದಾಗಲೇ ತೋರಿಸಲು ಬರ್ತಿದ್ರು. ವೈದ್ಯಕೀಯದಲ್ಲಿ ಆದ ದೊಡ್ಡ ಬದಲಾವಣೆ ನನ್ನ ಪ್ರಕಾರ ಅದೇ.

ನಿಮ್ಮ ಮನೆಯಲ್ಲೂ ಖರ್ಚಿಗೆ ಹೆದರಿ ಸುಮ್ಮನಿರುವವರು ಇರಬಹುದು. ಇವತ್ತೇ ಒಮ್ಮೆ ಕೇಳಿ ನೋಡಿ.