ಗೊತ್ತು, ಆದರೂ...



ವಯಸ್ಕರ ಶಿಕ್ಷಣ ಕೇಂದ್ರಗಳ ಬೋಧಕರಿಗೆ ತರಬೇತಿ ಕೊಡುವಾಗ ನಾನು ಎರಡು ಪ್ರಶ್ನೆ ಕೇಳುವುದುಂಟು. ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುತ್ತದೆಯೇ? ‘ಇಲ್ಲ’ ಎಂದು ಇಡೀ ಕೋಣೆ ಕೂಗುತ್ತದೆ. ಸರಿ, ಸೋಂಕಿರುವ ಹೆಂಗಸೊಬ್ಬರು ನಿಮ್ಮ ಕೇಂದ್ರಕ್ಕೆ ಬಂದರೆ ಕೈಹಿಡಿದು ಅಕ್ಷರ ತಿದ್ದಿಸುತ್ತೀರಾ? ಕೂಗು ಅಡಗುತ್ತದೆ. ಒಮ್ಮೆ ಹಿಂದಿನ ಸಾಲಿನಿಂದ ಒಬ್ಬಾಕೆ ಮೆಲ್ಲಗೆ ಹೇಳಿದರು: ‘ತಿದ್ದಿಸ್ತೀವಿ ಸಾರ್... ಆದರೂ...’

ಆ ‘ಆದರೂ’ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಆಗಿನ ಮದ್ರಾಸಿನಲ್ಲಿ. ಆಮೇಲೆ ಎಷ್ಟೋ ವರ್ಷ ಗೋಡೆಯ ಚಿತ್ರಗಳು ತಲೆಬುರುಡೆ ತೋರಿಸಿ ಹೆದರಿಸಿದವು, ಪತ್ರಿಕೆಗಳು ‘ಹೆಮ್ಮಾರಿ’ ಎಂದು ಬರೆದವು. ಇಂದಿನ ಬೋಧಕರಲ್ಲಿ ಅನೇಕರು ಆ ಗೋಡೆಗಳನ್ನು ನೋಡುತ್ತಲೇ ಶಾಲೆಗೆ ಹೋದವರು.

ಇನ್ನೊಂದು ಕಾರಣವೂ ಇದೆ. ಉತ್ತರ ಗೊತ್ತು, ಉತ್ತರದ ಹಿಂದಿನ ಕಾರಣ ಗೊತ್ತಿಲ್ಲ. ಮಕ್ಕಳಾದರೆ ಮೇಷ್ಟ್ರು ಹೇಳಿದ್ದನ್ನು ಬರೆದುಕೊಂಡಾರು. ಹೊಲ ಗೇದು ಬಂದ ಐವತ್ತರ ಹೆಂಗಸು ಹಾಗಲ್ಲ. ‘ರಕ್ತದಾಗ ಐತಿ ಅಂತೀರಿ, ಸೊಳ್ಳಿ ರಕ್ತಾನ ಕುಡೀತೈತಿ, ಮತ್ತ ಯಾಕ ಬರಂಗಿಲ್ಲ?’ ಎಂದು ಕೇಳುತ್ತಾಳೆ. ಎಂಥ ಒಳ್ಳೆಯ ಪ್ರಶ್ನೆ! ‘ಪುಸ್ತಕದಲ್ಲಿ ಹಾಗಿದೆ’ ಎಂದರೆ ಆಕೆ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಸೊಳ್ಳೆ ಕಚ್ಚುವಾಗ ನಮ್ಮೊಳಗೆ ಬಿಡುವುದು ತನ್ನ ಜೊಲ್ಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ. ಮಲೇರಿಯಾದ ಜೀವಿ ಸೊಳ್ಳೆಯೊಳಗೆ ಬೆಳೆದು ಆ ಜೊಲ್ಲಿಗೇ ಬಂದು ಸೇರುತ್ತದೆ. ಎಚ್‌ಐವಿಗೆ ಅದು ಸಾಧ್ಯವಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ರಕ್ತದ ಜೊತೆಗೇ ಅರಗಿಹೋಗುತ್ತದೆ. ಇಷ್ಟು ಬಿಡಿಸಿ ಹೇಳಿದರೆ ಆಕೆಯ ಅನುಮಾನ ಹೋಗುತ್ತದೆ. ಬೋಧಕರದ್ದೂ ಹೋಗುತ್ತದೆ, ಅದು ಬೇರೆ ಮಾತು.

ರಕ್ತ, ವೀರ್ಯ, ಯೋನಿಸ್ರಾವ, ಎದೆಹಾಲು – ಸೋಂಕು ದಾಟುವುದು ಇಂಥವುಗಳ ಮೂಲಕ. ಬೆವರಿನಿಂದಲ್ಲ, ಚಹಾದ ಲೋಟದಿಂದಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಬಳಪದಿಂದಲೂ ಅಲ್ಲ.

ಮದ್ದಿನ ವಿಷಯದಲ್ಲಿ ಮಾತ್ರ ಬೋಧಕರ ತಿಳಿವಳಿಕೆ ತೀರ ಹಳೆಯದು. ವೈರಸ್ಸನ್ನು ತಗ್ಗಿಸುವ ಎಆರ್‌ಟಿ ಎಂಬ ಚಿಕಿತ್ಸೆ ಸರ್ಕಾರದಿಂದ ಉಚಿತವಾಗಿ 2004ರ ಏಪ್ರಿಲ್‌ನಲ್ಲಿ ಶುರುವಾಯಿತು. 2017ರಿಂದ, ಸೋಂಕು ಖಚಿತವಾದ ಎಲ್ಲರಿಗೂ ಅದು ಸಿಗುತ್ತಿದೆ. ರೋಗ ವಾಸಿಯಾಗುವುದಿಲ್ಲ, ನಿಜ. ಆದರೆ ದಿನವೂ ತಪ್ಪದೆ ಮಾತ್ರೆ ನುಂಗಿ, ಪರೀಕ್ಷೆಗೂ ಸಿಗದಷ್ಟು ವೈರಸ್ ತಗ್ಗಿ, ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕವೂ ಸೋಂಕು ಹರಡುವುದಿಲ್ಲ. ಇದನ್ನು ಹೇಳಿದಾಗಲೆಲ್ಲ ಬೋಧಕರು ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ಕಾನೂನೂ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಸೋಂಕಿನ ಕಾರಣಕ್ಕೆ ಯಾರಿಗೂ ಕಲಿಕೆ ನಿರಾಕರಿಸುವಂತಿಲ್ಲ. ಸೋಂಕಿರುವವರು ನಂಬಿ ಹೇಳಿದ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಬೇರೆಯವರ ಕಿವಿಗೆ ಹಾಕುವಂತಿಲ್ಲ. ಹಳ್ಳಿಯಲ್ಲಿ ಇದು ಕಷ್ಟ. ಕೇಂದ್ರದ ಜಗಲಿಯ ಮೇಲೆ ಆಡಿದ ಮಾತು ನೀರು ತರುವ ಹೊತ್ತಿಗೆ ನಲ್ಲಿಯ ಹತ್ತಿರ ಇರುತ್ತದೆ.

ಆವತ್ತು ಚಹಾದ ಬಿಡುವಿನಲ್ಲಿ ‘ಆದರೂ’ ಎಂದಿದ್ದ ಆ ಬೋಧಕಿ ಬಳಿಗೆ ಬಂದು, ಪರೀಕ್ಷೆ ಎಲ್ಲಿ ಮಾಡುತ್ತಾರೆ ಎಂದು ಕೇಳಿದರು. ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ದುಡ್ಡು ಬೇಡ, ಹೆಸರು ಹೊರಗೆ ಹೋಗುವುದಿಲ್ಲ, ಮೊದಲು ಮಾತಾಡಬೇಕೆನಿಸಿದರೆ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಎಂದೆ. ತರಬೇತಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಆ ನಾಲ್ಕು ಅಂಕಿ ಬರೆದುಕೊಂಡರು. ಯಾರಿಗಾಗಿ ಎಂದು ನಾನು ಕೇಳಲಿಲ್ಲ.