ಸೋತ ಹಾಡುಗಳ ಜಾಗರಣೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನಾನು ಕುಣಿಯುವವನಲ್ಲ. ಅರವತ್ತೇಳು ದಾಟಿದ, ಮೊಣಕಾಲು ಆಗಾಗ್ಗೆ ಮುನಿಸಿಕೊಳ್ಳುವ ಒಬ್ಬ ನಿವೃತ್ತ ವೈದ್ಯ 2023ರ ಒಂದೇ ವರ್ಷದಲ್ಲಿ ಒಂಬತ್ತು ರಾತ್ರಿ ನಿದ್ದೆಗೆಟ್ಟು ಇಂಗ್ಲೆಂಡಿನ ಉತ್ತರ ಭಾಗದ ನೃತ್ಯಶಾಲೆಗಳಲ್ಲಿ ಕುಳಿತಿದ್ದನೆಂದರೆ ನೀವು ನಗಬಹುದು. ನನ್ನ ಮನೆಯಾಕೆಯೂ ನಕ್ಕಳು.

ಇದಕ್ಕೆಲ್ಲ ಕಾರಣ ನಮ್ಮ ಪಕ್ಕದ ಮನೆಯವರು. ಲ್ಯಾಂಕಾಶೈರಿನ ಒಂದು ಸಣ್ಣ ಊರಿನಲ್ಲಿ ಇಪ್ಪತ್ತು ವರ್ಷದಿಂದ ನಮ್ಮಿಬ್ಬರ ಮನೆಗಳಿಗೆ ಒಂದೇ ಬೇಲಿ. ಅವರು ಬಸ್ಸು ನಡೆಸಿ ನಿವೃತ್ತರಾದವರು. ಕಣ್ಣಿಗೆ ಪೊರೆ ಬಂದು ರಾತ್ರಿ ಹೊತ್ತು ಕಾರು ನಡೆಸುವಂತಿರಲಿಲ್ಲ. ಜನವರಿಯ ಒಂದು ಸಂಜೆ ಬೇಲಿಯಾಚೆಯಿಂದ, "ಡಾಕ್ಟರೇ, ಶನಿವಾರ ರಾತ್ರಿ ನಿಮಗೇನಾದರೂ ಕೆಲಸವಿದೆಯೆ?" ಎಂದು ಕೇಳಿದರು. ಇಲ್ಲವೆಂದೆ. ಹೀಗೆ ನಾನು ಸೋಲ್ ಸಂಗೀತಕ್ಕೆ ಸಾರಥಿಯಾದೆ.

ಸೋಲ್ ಎಂದರೆ ಇಂಗ್ಲಿಷಿನಲ್ಲಿ ಆತ್ಮ. ನಮ್ಮ ಕನ್ನಡದ ಕಿವಿಗೆ ಮಾತ್ರ ಅದು ಸೋಲು ಎಂದೇ ಕೇಳಿಸುತ್ತದೆ. ನಾನು ಕಂಡ ರಾತ್ರಿಗಳ ಮಟ್ಟಿಗೆ ನಮ್ಮ ಕಿವಿಯೇ ಸರಿ ಎನ್ನಬೇಕು. ಅಮೆರಿಕದ ಡೆಟ್ರಾಯಿಟಿನಲ್ಲಿ 1959ರಲ್ಲಿ ಬೆರ್ರಿ ಗಾರ್ಡಿ ಎಂಬವರು ಆರಂಭಿಸಿದ ಮೋಟೌನ್ ಕಂಪೆನಿ ಕರಿಯ ಜನರ ಹಾಡನ್ನು ಜಗತ್ತಿಗೆಲ್ಲ ಮುಟ್ಟಿಸಿತು. ಅದರ ಯಶಸ್ಸನ್ನು ಕಂಡು ಡೆಟ್ರಾಯಿಟು, ಷಿಕಾಗೊ, ಫಿಲಡೆಲ್ಫಿಯಾಗಳಲ್ಲಿ ಸಣ್ಣಪುಟ್ಟ ಕಂಪೆನಿಗಳು ಅಣಬೆಯಂತೆ ಎದ್ದು, ಅದೇ ಧಾಟಿಯ ಹಾಡುಗಳನ್ನು ಸಾವಿರಗಟ್ಟಲೆ ಅಚ್ಚು ಹಾಕಿದುವು. ಗೆದ್ದವು ಕೆಲವು. ಉಳಿದವು ಗೋದಾಮಿನಲ್ಲಿ ಧೂಳು ತಿಂದುವು. ಇತ್ತ ಮ್ಯಾಂಚೆಸ್ಟರಿನ ಸುತ್ತಿನ ಗಿರಣಿ ಊರುಗಳ ಹುಡುಗ ಹುಡುಗಿಯರಿಗೆ ಆ ಬಿರುಸು ತಾಳವೇ ಪ್ರಾಣವಾಗಿತ್ತು. ಅಮೆರಿಕದ ಸಂಗೀತ 1970ರ ಹೊತ್ತಿಗೆ ಬೇರೆ ದಾರಿ ಹಿಡಿದಾಗ ಇವರು ಹೊಸದನ್ನು ಒಲ್ಲೆವೆಂದರು. ಹಳೆಯದರಲ್ಲೇ ಯಾರೂ ಕೇಳದೆ ಬಿಟ್ಟದ್ದನ್ನು ಹುಡುಕತೊಡಗಿದರು. ಲಂಡನ್ನಿನಲ್ಲಿ ರೆಕಾರ್ಡು ಅಂಗಡಿ ಇಟ್ಟಿದ್ದ ಡೇವ್ ಗೋಡಿನ್ ಇದನ್ನು ನಾರ್ದರ್ನ್ ಸೋಲ್, ಅಂದರೆ ಉತ್ತರದವರ ಸೋಲ್, ಎಂದು ಕರೆದರು. ಹಾಡಿದವರು ಅಮೆರಿಕದವರು, ಹೆಸರು ಮಾತ್ರ ಕೇಳಿದವರ ಸೀಮೆಯದು!

ಮೊದಲ ರಾತ್ರಿ ನಾನು ಕಂಡ ಮೊದಲ ದೃಶ್ಯ ಹೇಳುತ್ತೇನೆ. ತಲೆ ನೆರೆತ ಗೃಹಸ್ಥರೊಬ್ಬರು ಕೈಚೀಲದಿಂದ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತೆಗೆದು ಮರದ ನೆಲದ ಮೇಲೆ ಧಾರಾಳವಾಗಿ ಉದುರಿಸಿದರು. ನನಗೆ ತಟ್ಟನೆ ನಮ್ಮೂರಿನ ಕೇರಂ ಬೋರ್ಡಿನ ನೆನಪಾಯಿತು. ಉದ್ದೇಶವೂ ಅದೇ: ಜಾರಬೇಕು. ಚರ್ಮದ ಅಟ್ಟೆಯ ಜೋಡು ತೊಟ್ಟು ಅವರು ಆ ನೆಲದ ಮೇಲೆ ತೇಲಿದರು, ಗಿರ್ರನೆ ಸುತ್ತಿದರು. ಇಲ್ಲಿ ಜೊತೆಗಾತಿಯ ಸೊಂಟ ಹಿಡಿದು ಕುಣಿಯುವ ಪದ್ಧತಿಯಿಲ್ಲ. ನೂರಾರು ಜನರ ನಡುವೆ ಪ್ರತಿಯೊಬ್ಬರೂ ಒಂಟಿ. ಆದರೆ ಹಾಡಿನ ನಡುವೆ ಒಂದು ಗೊತ್ತಾದ ಕಡೆ ವಾದ್ಯ ನಿಂತಾಗ ಅಷ್ಟೂ ಜನ ಒಟ್ಟಿಗೆ ಒಂದೇ ಚಪ್ಪಾಳೆ ಹೊಡೆಯುತ್ತಾರೆ. ಎರಡನೆಯ ರಾತ್ರಿಗೆ ಆ ಚಪ್ಪಾಳೆಯ ಜಾಗ ನನಗೂ ಸಿಕ್ಕಿತು. ಅದರ ಸಂತೋಷವನ್ನು ಮುಚ್ಚಿಡುವುದಿಲ್ಲ.

ರೆಕಾರ್ಡು ಹಾಕುವವರ ಕಥೆ ಇನ್ನೂ ಸೊಗಸು. ಅಪರೂಪದ ತಟ್ಟೆ ಸಿಕ್ಕವರು ಹಿಂದೆ ಅದರ ಮೇಲಿನ ಹೆಸರಿಗೆ ಕಾಗದ ಅಂಟಿಸಿ ಬೇರೊಂದು ಸುಳ್ಳು ಹೆಸರು ಹೇಳುತ್ತಿದ್ದರಂತೆ, ಪ್ರತಿಸ್ಪರ್ಧಿಗೆ ತಿಳಿಯದಿರಲೆಂದು. ನಮ್ಮ ನಾಟಿವೈದ್ಯರು ಬೇರಿನ ಹೆಸರು ಬಿಟ್ಟುಕೊಡುತ್ತಿದ್ದರೆ? ಫ್ರಾಂಕ್ ವಿಲ್ಸನ್ ಎಂಬವರು 1965ರಲ್ಲಿ ಹಾಡಿದ ಒಂದು ರೆಕಾರ್ಡನ್ನು ಮಾರಾಟಕ್ಕೆ ಬಿಡುವ ಮೊದಲೇ ಕಂಪೆನಿ ತಡೆಯಿತು. ಅಚ್ಚಾದ ಪ್ರತಿಗಳು ನಾಶವಾದುವು. ಉಳಿದದ್ದು ಬೆರಳೆಣಿಕೆಯಷ್ಟು. 2009ರಲ್ಲಿ ಅದರ ಒಂದು ಪ್ರತಿ 25,000 ಪೌಂಡಿಗೂ ಮಿಕ್ಕಿ ಮಾರಾಟವಾಯಿತು. ಹಳೆಯ ತಟ್ಟೆ ಹೀಗೆ ಕೈ ಬದಲಾಯಿಸಿದಾಗ ಹಾಡಿದವನಿಗೆ ಬಿಡಿಗಾಸೂ ಬರುವುದಿಲ್ಲ; ಇದು ನನ್ನ ಮನಸ್ಸಿಗೆ ಅಷ್ಟಾಗಿ ಒಗ್ಗಲಿಲ್ಲ. ಇನ್ನೊಂದು ಮಾತು: ಸೋತ ಹಾಡುಗಳೆಲ್ಲ ಒಳ್ಳೆಯವೆಂದು ತಿಳಿಯಬೇಡಿ. ಕೆಲವು ನ್ಯಾಯವಾಗಿಯೇ ಸೋತಿವೆ. ಪಕ್ಕದ ಮನೆಯವರ ಎದುರು ಹಾಗೆಂದು ಎರಡು ವಾರ ಮಾತು ಕಳೆದುಕೊಂಡೆ.

ಮೂರನೆಯ ಸಲ ಹೋಗುವಾಗ ಹೆದ್ದಾರಿಯ ಮೇಲೆ ಅವರು ಒಂದು ಸಂಗತಿ ಹೇಳಿದರು. ವಿಗನ್ ಎಂಬ ಊರಿನಲ್ಲಿ ಕ್ಯಾಸಿನೊ ಎಂಬ ನೃತ್ಯಶಾಲೆಯಿತ್ತು. 1973ರ ಸೆಪ್ಟೆಂಬರಿನಿಂದ 1981ರ ಡಿಸೆಂಬರಿನವರೆಗೆ ಅಲ್ಲಿ ಮಧ್ಯರಾತ್ರಿ ಕಳೆದು ಬೆಳಗಿನ ಎಂಟರವರೆಗೆ ಸೋಲ್ ಕುಣಿತ. ಮದ್ಯ ಮಾರುತ್ತಿರಲಿಲ್ಲ. ಅವರೂ ಅವರ ಹೆಂಡತಿಯೂ ಒಬ್ಬರನ್ನೊಬ್ಬರು ಕಂಡದ್ದು ಅಲ್ಲಿ, 1976ರಲ್ಲಿ. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಎರಡು ರಾತ್ರಿಯೂ ಕುರ್ಚಿ ಬಿಟ್ಟು ಏಳದಿದ್ದುದು ಆಗ ನನಗೆ ಅರ್ಥವಾಯಿತು. ಬೇಸಗೆಯಲ್ಲಿ ಒಂದು ಮಧ್ಯಾಹ್ನ ಆ ಜಾಗವನ್ನೂ ನೋಡಿಬಂದೆವು. ಕಟ್ಟಡ ಎಂದೋ ನೆಲಸಮವಾಗಿ ಅಲ್ಲಿ ಅಂಗಡಿಗಳ ಸಾಲು ಎದ್ದಿತ್ತು. ಅವರು ಒಂದು ಜೊತೆ ಕಾಲುಚೀಲ ಕೊಂಡರು. ಅಷ್ಟೆ.

ಈಗಿನ ಕೂಟಗಳು ಬಹಳವಾಗಿ ನಡುರಾತ್ರಿಯ ಸುಮಾರಿಗೆ ಮುಗಿಯುತ್ತವೆ. ನಾವು ಹೋದ ಒಂಬತ್ತರಲ್ಲಿ ಎರಡು ಮಾತ್ರ ಬೆಳಗಿನವರೆಗೆ ನಡೆದುವು. ಸೆಪ್ಟೆಂಬರಿನದು ಅಂಥದೊಂದು, ಕ್ಯಾಸಿನೊದ ಮೊದಲ ರಾತ್ರಿಗೆ ಐವತ್ತು ತುಂಬಿದ ತಿಂಗಳು. ಕ್ಯಾಸಿನೊದಲ್ಲಿ ಎಂಟು ಗಂಟೆಗೆ ಮೊದಲು ಕೊನೆಯದಾಗಿ ಮೂರು ಹಾಡುಗಳನ್ನೇ ಹಾಕುವುದು ಕಟ್ಟಳೆಯಾಗಿತ್ತು: ಜಿಮ್ಮಿ ರಾಡ್‌ಕ್ಲಿಫ್, ಟೋಬಿ ಲೆಜೆಂಡ್, ಡೀನ್ ಪ್ಯಾರಿಷ್ ಈ ಮೂವರವು. ಅಂದೂ ಅವನ್ನೇ ಹಾಕಿದರು. ಕುಂದಾಪುರದ ಗದ್ದೆಗಳಲ್ಲಿ ಬಯಲಾಟ ನೋಡುತ್ತ ಬೆಳಗು ಮಾಡಿದವನು ನಾನು. ಮಂಗಳ ಹಾಡುವಾಗ ಚಾಪೆ ಸುತ್ತುವವರ ಮುಖ ಬಲ್ಲೆ. ಇಲ್ಲಿಯ ಮುಖಗಳೂ ಅವೇ. ಮೊದಲ ಹಾಡಿಗೆ ಪಕ್ಕದ ಮನೆಯವರು ಅಂಗಿಯ ತೋಳು ಮಡಿಸಿದರು. ಎರಡನೆಯದಕ್ಕೆ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಮೂರನೆಯದಕ್ಕೆ ಹೋದರು. ಗಿರಗಿರನೆ ಸುತ್ತಲಿಲ್ಲ, ನೆಲಕ್ಕೆ ಬಾಗಿ ಏಳಲಿಲ್ಲ. ಅಂಚಿನಲ್ಲಿ, ಪಕ್ಕಕ್ಕೆ ನಾಲ್ಕು ಹೆಜ್ಜೆ, ಮತ್ತೆ ಹಿಂದಕ್ಕೆ ನಾಲ್ಕು. ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟುಕೊಂಡು ಕುಣಿದರು.

ನವೆಂಬರಿನಲ್ಲಿ ಅವರ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಚೆನ್ನಾಗಿ ಕಾಣುತ್ತದೆಂದು ಹೇಳಿದರು. ವೈದ್ಯನಾಗಿ ಸಂತೋಷಪಟ್ಟೆ. ನನ್ನ ಸಾರಥ್ಯ ಮುಗಿಯಿತಲ್ಲಾ ಎಂದು ಒಳಗೊಳಗೇ ಪೆಚ್ಚಾದದ್ದೂ ನಿಜ. ಡಿಸೆಂಬರಿನ ಒಂದು ಶನಿವಾರ ಸಂಜೆ ಬಾಗಿಲ ಮುಂದೆ ಹಾರನ್ನು ಕೇಳಿಸಿತು. "ಬನ್ನಿ ಡಾಕ್ಟರೇ, ಇಂದು ನೀವು ಪಕ್ಕದಲ್ಲಿ ಕುಳಿತರೆ ಸಾಕು" ಎಂದರು. ಬಸ್ಸಿನ ಅಭ್ಯಾಸ ಬಿಟ್ಟೀತೆ? ದಾರಿಯಲ್ಲಿ ಸಿಕ್ಕ ಒಂದೊಂದು ನಿಲ್ದಾಣದ ಬಳಿಯೂ ವೇಗ ತಗ್ಗಿಸುತ್ತಿದ್ದರು. ನಾವು ತಲಪುವ ಹೊತ್ತಿಗೆ ಮೊದಲ ಗಂಟೆಯ ಹಾಡುಗಳು ಆಗಿಹೋಗಿದ್ದುವು.